ಹೊಲದ ಬದುವಿನಲ್ಲಿ ನಾಯಿ ಏಕೆ ಮೂಸುತ್ತ ನಿಲ್ಲುತ್ತದೆ?

ಯಾವುದಾದರೊಂದು ವಸ್ತು ತೀರ ನಿಷ್ಪ್ರಯೋಜಕ ಎಂದು ಹೇಳಬೇಕಾದರೆ ‘ಅದನ್ನು ನಾಯಿಯೂ ಮೂಸುವುದಿಲ್ಲ’ ಎನ್ನುವುದು ನಮ್ಮಲ್ಲಿ ರೂಢಿ. ಆದರೆ ನಾಯಿಯನ್ನು ಕರೆದುಕೊಂಡು ಹೊಲದ ಕಡೆ ಹೊರಟವರಿಗೆ, ಅದು ಮೂಸದೆ ಬಿಡುವ ವಸ್ತುವೇ ಇಲ್ಲವೇನೋ ಎನಿಸುತ್ತದೆ. ಬೇಲಿಯ ಕಂಬ, ಬದುವಿನ ಕಲ್ಲು, ತಿಪ್ಪೆಯ ಅಂಚು, ನಿಂತ ಟ್ರ್ಯಾಕ್ಟರಿನ ಗಾಲಿ, ನಿನ್ನೆ ದನ ಮಲಗಿದ್ದ ಜಾಗ, ಹೀಗೆ ಎಲ್ಲದರ ಬಳಿಯೂ ನಿಂತು ಮೂಗಿಡುತ್ತದೆ. ಕೆಲಸದ ಅವಸರದಲ್ಲಿರುವ ಯಜಮಾನನು ಬೇಸತ್ತು ಹಗ್ಗ ಜಗ್ಗುತ್ತಾನೆ. ನಾಯಿ ಎರಡು ಹೆಜ್ಜೆ ಬಂದು ಮತ್ತೆ ನಿಲ್ಲುತ್ತದೆ.

ಪಶು ವೈದ್ಯಾಲಯಕ್ಕೆ ಬಂದ ರೈತರೊಬ್ಬರು ಇದನ್ನೇ ಒಂದು ದೂರಾಗಿ ಹೇಳಿದರು. “ಇದಕ್ಕೆ ಏನು ಕಾಯಿಲೆಯೋ ನೋಡಿ ಡಾಕ್ಟ್ರೇ. ಹತ್ತು ಹೆಜ್ಜೆಗೊಂದು ಸಲ ನಿಂತುಬಿಡುತ್ತೆ. ಕಲ್ಲು ಕಂಡರೂ ಮೂಸುತ್ತೆ, ಕಂಬ ಕಂಡರೂ ಮೂಸುತ್ತೆ.” ದಿನಕ್ಕೆ ಎಷ್ಟು ಹೊತ್ತು ಕಟ್ಟಿಹಾಕುತ್ತೀರಿ ಎಂದು ಕೇಳಿದ್ದಕ್ಕೆ, “ಹಗಲೆಲ್ಲ ಕಟ್ಟೇ ಇರುತ್ತೆ ಸ್ವಾಮಿ. ಬಿಟ್ಟರೆ ಬರೋ ಹೋಗೋರ ಮೇಲೆಲ್ಲ ಎಗರುತ್ತೆ” ಎಂದರು. ನಾಯಿಯನ್ನು ಪರೀಕ್ಷಿಸಿದಾಗ ಯಾವ ರೋಗವೂ ಕಾಣಲಿಲ್ಲ. ಅವರು ಹೇಳಿದ ಎರಡು ಮಾತುಗಳಿಗೆ, ಅಂದರೆ ಹಾದಿಯಲ್ಲಿ ಮೂಸುವುದಕ್ಕೂ ಮನೆಯಲ್ಲಿ ಎಗರುವುದಕ್ಕೂ, ಸಂಬಂಧವಿರಬಹುದೆಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಆ ಸಂಬಂಧವನ್ನು ತಿಳಿಯಬೇಕಾದರೆ ಮೊದಲು ನಾಯಿಯ ಮೂಗನ್ನು ತಿಳಿಯಬೇಕು.

ಮೂಗಿನ ರಚನೆ

ನಾವು ಲೋಕವನ್ನು ಮುಖ್ಯವಾಗಿ ಕಣ್ಣಿನಿಂದ ಅರಿಯುತ್ತೇವೆ. ನಾಯಿಗೆ ಮೂಗೇ ಮೊದಲು. ಹುಟ್ಟಿದ ಮರಿಯ ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಕಣ್ಣು ತೆರೆಯಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ಅದು ತಾಯಿಯ ಮೊಲೆಯನ್ನು ಹುಡುಕಿಕೊಳ್ಳುವುದು ವಾಸನೆ ಮತ್ತು ಮೈಬಿಸಿಯ ಆಧಾರದಿಂದಲೇ.

ಮೂಗಿನ ಒಳಗೆ, ಹಿಂಭಾಗದಲ್ಲಿ, ವಾಸನೆಯನ್ನು ಗ್ರಹಿಸುವ ಜೀವಕೋಶಗಳ ಪದರವಿರುತ್ತದೆ. ಮನುಷ್ಯನಲ್ಲಿ ಇಂತಹ ಕೋಶಗಳು ಸುಮಾರು 50ರಿಂದ 60 ಲಕ್ಷ ಇರುತ್ತವೆಂದು ಅಂದಾಜು. ನಾಯಿಯಲ್ಲಿ ತಳಿಗನುಸಾರವಾಗಿ 10 ಕೋಟಿಗೂ ಮೇಲ್ಪಟ್ಟಿರುತ್ತವೆ. ಈ ಪದರವು ಸುರುಳಿ ಸುರುಳಿಯಾದ ತೆಳುವಾದ ಎಲುಬಿನ ಮಡಿಕೆಗಳ ಮೇಲೆ ಹರಡಿರುವುದರಿಂದ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಕೋಶಗಳು ಹಿಡಿಸುತ್ತವೆ. ಬೇರೆ ಬೇರೆ ವಾಸನೆಗಳನ್ನು ಗುರುತಿಸುವ ಗ್ರಾಹಕಗಳ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು 400 ಕೆಲಸ ಮಾಡುತ್ತಿದ್ದರೆ, ನಾಯಿಯಲ್ಲಿ ಸುಮಾರು 800 ಇವೆ. ಈ ಗ್ರಾಹಕಗಳನ್ನು 1991ರಲ್ಲಿ ಪತ್ತೆಮಾಡಿದ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಾಸನೆಯನ್ನು ವಿಂಗಡಿಸುವ ಮೆದುಳಿನ ಭಾಗವೂ ನಾಯಿಯಲ್ಲಿ ದೊಡ್ಡದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು 23 ನಾಯಿಗಳ ಮೆದುಳಿನ ಚಿತ್ರಗಳನ್ನು ಪರಿಶೀಲಿಸಿ 2022ರಲ್ಲಿ ಒಂದು ಹೊಸ ಅಂಶವನ್ನು ಪ್ರಕಟಿಸಿದರು. ನಾಯಿಯ ಮೆದುಳಿನಲ್ಲಿ ವಾಸನೆಯ ಭಾಗದಿಂದ ದೃಷ್ಟಿಯ ಭಾಗಕ್ಕೆ ನೇರವಾದ ನರಮಾರ್ಗವೊಂದಿದೆ ಎಂಬುದೇ ಆ ಅಂಶ. ಕನ್ನಡದಲ್ಲಿ ನಾವು ‘ಮೂಸಿ ನೋಡು’ ಎನ್ನುತ್ತೇವೆ. ನಾಯಿಯ ಮಟ್ಟಿಗೆ ಈ ಮಾತು ಅಕ್ಷರಶಃ ಸರಿಯೆಂದೇ ಹೇಳಬೇಕು.

ಉಸಿರಾಟ ಬೇರೆ, ಮೂಸುವುದು ಬೇರೆ

ನಾಯಿ ಮೂಸುವಾಗ ಹತ್ತಿರ ಕುಳಿತು ಗಮನಿಸಿರಿ. ‘ಸುಸ್ ಸುಸ್’ ಎಂದು ತುಂಡು ತುಂಡಾಗಿ, ಸೆಕೆಂಡಿಗೆ ಸುಮಾರು ಐದಾರು ಬಾರಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದು ಸಾಮಾನ್ಯ ಉಸಿರಾಟವಲ್ಲ. ಒಳಗೆ ಹೋದ ಗಾಳಿಯು ಮೂಗಿನೊಳಗೆ ಎರಡು ಪಾಲಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಂತೆ, ಶೇಕಡ 12ರಷ್ಟು ಗಾಳಿ ಮಾತ್ರ ಹಿಂಭಾಗದ ವಾಸನೆಯ ಕೋಣೆಗೆ ಹೋಗುತ್ತದೆ. ಉಳಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಸನೆಯ ಕೋಣೆಗೆ ಹೋದ ಗಾಳಿ ಅಲ್ಲಿ ನಿಧಾನವಾಗಿ ಸುಳಿದಾಡುವುದರಿಂದ ಅದರಲ್ಲಿರುವ ಸೂಕ್ಷ್ಮ ಕಣಗಳನ್ನು ಗ್ರಹಿಸಲು ಸಮಯ ಸಿಗುತ್ತದೆ.

ಹೊಳ್ಳೆಗಳ ಪಕ್ಕದಲ್ಲಿರುವ ಸೀಳನ್ನು ನೀವು ನೋಡಿರಬಹುದು. ಮೂಸುವಾಗ ಹೊರಬಿಡುವ ಗಾಳಿ ಈ ಸೀಳಿನ ಮೂಲಕ ಪಕ್ಕಕ್ಕೆ ಮತ್ತು ಹಿಂದಕ್ಕೆ ಹೋಗುತ್ತದೆ. ಇದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ಜೊತೆಗೆ ನೆಲದ ಸಣ್ಣ ಧೂಳು ಎದ್ದು ಹೊಸ ವಾಸನೆ ಮೂಗಿಗೆ ಬರುತ್ತದೆ. ಮೂಗಿನ ತುದಿಯ ತೇವವು ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಹಿಡಿದುಕೊಳ್ಳಲು ನೆರವಾಗುತ್ತದೆ.

ಬಾಯಿಯ ಅಂಗಳದ ಮೇಲ್ಭಾಗದಲ್ಲಿ, ಮುಂಹಲ್ಲುಗಳ ಹಿಂದೆ, ಇನ್ನೊಂದು ಅಂಗವಿದೆ. ಡೆನ್ಮಾರ್ಕಿನ ಯಾಕೊಬ್‌ಸನ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರೇ ಬಂದಿದೆ. ತನ್ನ ಜಾತಿಯ ಪ್ರಾಣಿಗಳು ಬಿಟ್ಟ ಗುರುತುಗಳನ್ನು, ಮುಖ್ಯವಾಗಿ ಬೆದೆಯ ಸೂಚನೆಯನ್ನು ಅರಿಯಲು ಇದು ಸಹಾಯಕ. ಬೆದೆಗೆ ಬಂದ ಹಸುವಿನ ಗಂಜಲವನ್ನು ಮೂಸಿದ ಹೋರಿ ಮೇಲ್ದುಟಿಯನ್ನು ಎತ್ತಿ ನಿಲ್ಲುವುದನ್ನು ಎಲ್ಲ ರೈತರೂ ಕಂಡಿದ್ದಾರೆ. ಹೋರಿ ಆಗ ಬಳಸುವುದೂ ಇದೇ ಅಂಗವನ್ನು.

ಕಂಬದ ಬುಡದಲ್ಲಿ ಏನಿದೆ?

ದಾರಿಯ ಕಂಬ, ಕಲ್ಲು, ಮರದ ಬುಡಗಳು ನಾಯಿಗಳಿಗೆ ಊರ ಅರಳಿಕಟ್ಟೆಯಿದ್ದಂತೆ. ಹಿಂದೆ ಬಂದುಹೋದ ನಾಯಿಗಳು ಅಲ್ಲಿ ತಮ್ಮ ಮೂತ್ರವನ್ನು ಬಿಟ್ಟುಹೋಗಿರುತ್ತವೆ. ಬಂದದ್ದು ಗಂಡೋ ಹೆಣ್ಣೋ, ಪರಿಚಿತವೋ ಅಪರಿಚಿತವೋ, ಹೆಣ್ಣಾಗಿದ್ದರೆ ಬೆದೆಗೆ ಬಂದಿದೆಯೋ ಎಂಬ ಸಂಗತಿಗಳು ಆ ವಾಸನೆಯಲ್ಲಿ ಸಿಗುತ್ತವೆ. ವಾಸನೆ ಹಳೆಯದಾದಂತೆ ಕ್ಷೀಣವಾಗುವುದರಿಂದ ಬಂದುಹೋಗಿ ಎಷ್ಟು ಹೊತ್ತಾಯಿತೆಂಬ ಸುಳಿವೂ ಇರುತ್ತದೆ. ಎಲ್ಲವನ್ನೂ ಮೂಸಿದ ಬಳಿಕ ಕಾಲೆತ್ತಿ ತನ್ನ ಗುರುತನ್ನೂ ಸೇರಿಸುವುದು ಗಂಡುನಾಯಿಯ ವಾಡಿಕೆ. ಆಮೇಲೆ ಹಿಂಗಾಲಿನಿಂದ ಮಣ್ಣು ಕೆದರಿದಾಗ ಪಾದದ ಗ್ರಂಥಿಗಳ ವಾಸನೆಯೂ ಅಲ್ಲಿ ಉಳಿಯುತ್ತದೆ.

ಎರಡು ನಾಯಿಗಳು ಭೇಟಿಯಾದಾಗ ಒಂದರ ಹಿಂಭಾಗವನ್ನು ಇನ್ನೊಂದು ಮೂಸುವುದಕ್ಕೂ ಇದೇ ಕಾರಣ. ಗುದದ್ವಾರದ ಎರಡೂ ಪಕ್ಕದಲ್ಲಿ ಪುಟ್ಟ ಚೀಲಗಳಂಥ ಗ್ರಂಥಿಗಳಿವೆ. ಅವುಗಳ ಸ್ರಾವದ ವಾಸನೆ ಒಂದೊಂದು ನಾಯಿಗೂ ಬೇರೆ ಬೇರೆ. ನಮಗೆ ಅಸಹ್ಯವೆನಿಸಿದರೂ ಅವುಗಳ ಪಾಲಿಗೆ ಇದು ಊರು ಹೆಸರು ವಿಚಾರಿಸುವ ಕ್ರಮ.

ನಾಯಿ ತನ್ನ ಸ್ವಂತ ವಾಸನೆಯನ್ನೂ ಗುರುತಿಸಬಲ್ಲದು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಯಿಯ ಮೂತ್ರಕ್ಕೆ ಬೇರೊಂದು ವಾಸನೆಯನ್ನು ಬೆರೆಸಿ ಅದರ ಮುಂದಿಡಲಾಯಿತು. ಬೆರಕೆಯಿಲ್ಲದ ತನ್ನ ಮೂತ್ರಕ್ಕಿಂತ ಈ ಬದಲಾದ ಮೂತ್ರವನ್ನು ನಾಯಿಗಳು ಹೆಚ್ಚು ಹೊತ್ತು ಮೂಸಿದವು.

ಹೆಜ್ಜೆಯ ಜಾಡು

ರಾತ್ರಿ ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ್ದರೆ, ಬೆಳಗ್ಗೆ ನಾಯಿ ಬದುವಿನ ಮೇಲೆ ಒಂದು ಕಡೆ ನಿಂತು, ಆಚೀಚೆ ಮೂಸಿ, ಬಳಿಕ ಒಂದು ದಿಕ್ಕು ಹಿಡಿದು ಹೋಗುತ್ತದೆ. ಹಂದಿ ಬಂದ ದಿಕ್ಕು ಯಾವುದು, ಹೋದ ದಿಕ್ಕು ಯಾವುದು ಎಂದು ಅದಕ್ಕೆ ತಿಳಿಯುವುದು ಹೇಗೆ?

ನಾರ್ವೆಯ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತರಬೇತಿ ಪಡೆದ ಜರ್ಮನ್ ಶೆಫರ್ಡ್ ನಾಯಿಗಳನ್ನು ಮನುಷ್ಯರು ನಡೆದ ಜಾಡಿಗೆ ಅಡ್ಡಲಾಗಿ ತರಲಾಯಿತು. ನಾಯಿಗಳು ಮೊದಲು ಜಾಡನ್ನು ಹುಡುಕಿದವು. ಅದು ಸಿಕ್ಕೊಡನೆ ನಡಿಗೆಯನ್ನು ನಿಧಾನಗೊಳಿಸಿ, ಎರಡರಿಂದ ಐದು ಹೆಜ್ಜೆಗುರುತುಗಳನ್ನು ಮೂರರಿಂದ ಐದು ಸೆಕೆಂಡು ಮೂಸಿ, ಸರಿಯಾದ ದಿಕ್ಕು ಹಿಡಿದವು. ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ದಿಕ್ಕನ್ನು ನಿರ್ಧರಿಸಲು ನಾಯಿಗಳಿಗೆ ಐದು ಹೆಜ್ಜೆಗುರುತುಗಳು ಬೇಕಾದವು. ಮೊದಲ ಹೆಜ್ಜೆಗೂ ಐದನೆಯ ಹೆಜ್ಜೆಗೂ ನಡುವೆ ಕೆಲವೇ ಸೆಕೆಂಡುಗಳ ಅಂತರವಿರುತ್ತದೆ. ಅಷ್ಟರಲ್ಲಿ ವಾಸನೆಯಲ್ಲಾಗುವ ವ್ಯತ್ಯಾಸವನ್ನು ನಾಯಿ ಹೋಲಿಸಿ ನೋಡುತ್ತದೆ.

ಇದರಿಂದ ನಾವು ಗಮನಿಸಬೇಕಾದ ಅಂಶವೆಂದರೆ, ಮೂಸಲು ನಾಯಿಗೆ ಸಮಯ ಬೇಕು. ಆ ಕೆಲವು ಸೆಕೆಂಡುಗಳಲ್ಲಿ ಹಗ್ಗ ಜಗ್ಗಿದರೆ, ಅದು ಓದುತ್ತಿದ್ದ ಪತ್ರವನ್ನು ಕೈಯಿಂದ ಕಸಿದುಕೊಂಡಂತಾಗುತ್ತದೆ.

ಬೆಳಗಿನ ಹೊತ್ತಿನಲ್ಲಿ ಹಾಗೂ ಮಳೆ ಬಂದು ನಿಂತ ಮೇಲೆ ನಾಯಿ ಹೆಚ್ಚು ಮೂಸುವುದನ್ನು ನೋಡಿರಬಹುದು. ತೇವವಿರುವ ತಂಪಾದ ನೆಲದಲ್ಲಿ ವಾಸನೆ ಚೆನ್ನಾಗಿ ನಿಲ್ಲುತ್ತದೆ. ಬಿರುಬಿಸಿಲಿನಲ್ಲಿ ಅದು ಬೇಗ ಆರಿಹೋಗುತ್ತದೆ. ಅಲ್ಲದೆ ಬಿಸಿಲಿಗೆ ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಏದುಸಿರು ಬಿಡುವಾಗ ಚೆನ್ನಾಗಿ ಮೂಸಲಾಗದು.

ಮುಧೋಳದ ನಾಯಿಯೂ ಮೂಸುತ್ತದೆ

ಬೇಟೆನಾಯಿಗಳಲ್ಲಿ ಎರಡು ಬಗೆ. ಜಾಡು ಮೂಸಿ ಹಿಂಬಾಲಿಸುವುದು ಒಂದು. ದೂರದಿಂದ ಕಣ್ಣಿನಿಂದ ಕಂಡು ಓಡಿ ಹಿಡಿಯುವುದು ಇನ್ನೊಂದು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಎರಡನೆಯ ಬಗೆಯದು. ಉದ್ದ ಕಾಲು, ತೆಳು ಮೈ, ದೂರ ನೋಡುವ ಕಣ್ಣು ಇದರ ಲಕ್ಷಣ. ಭಾರತ ಸರ್ಕಾರವು 2005ರಲ್ಲಿ ಹೊರತಂದ ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದ್ದು ಈ ತಳಿಯ ಸಂರಕ್ಷಣೆ ನಡೆಯುತ್ತಿದೆ.

ಕಣ್ಣಿಗೆ ಹೆಸರಾದ ನಾಯಿಗೆ ಮೂಸುವ ಅಗತ್ಯವಿಲ್ಲವೆಂದು ಭಾವಿಸಬಾರದು. ಬೇಟೆಯ ಕ್ರಮದಲ್ಲಿ ಕಣ್ಣು ಮುಂದಿದ್ದರೂ, ಪರಿಚಯ, ಬೆದೆ, ಆಹಾರ, ಅಪಾಯ ಇವುಗಳಿಗೆಲ್ಲ ಅದಕ್ಕೂ ಮೂಗೇ ಬೇಕು. ಬೀದಿಯ ನಾಟಿ ನಾಯಿಯೂ, ಕುರಿಮಂದೆಯ ಹಿಂದೆ ಹೋಗುವ ಕುರುಬರ ನಾಯಿಯೂ ಇದಕ್ಕೆ ಹೊರತಲ್ಲ.

ಮೂಸಲು ಬಿಡದಿದ್ದರೆ

ಹಗಲೆಲ್ಲ ಮೂರು ಅಡಿ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಮೂಸಲು ಇರುವುದು ಆ ಮೂರು ಅಡಿ ಸುತ್ತಿನ ನೆಲ ಮಾತ್ರ. ಗಾಳಿಯಲ್ಲಿ ಅಪರಿಚಿತ ವಾಸನೆ ಬರುತ್ತದೆ, ಆದರೆ ಹೋಗಿ ಅದು ಏನೆಂದು ತಿಳಿದುಕೊಳ್ಳಲು ಆಗುವುದಿಲ್ಲ. ಬೆದರಿಕೆ ಎನಿಸಿದರೆ ದೂರ ಸರಿಯಲೂ ಆಗುವುದಿಲ್ಲ. ಉಳಿಯುವುದು ಬೊಗಳುವುದು, ಎಗರುವುದು, ಕೆಲವೊಮ್ಮೆ ಕಚ್ಚುವುದು. ಬಹಳಷ್ಟು ಮನೆಗಳಲ್ಲಿ ಇದನ್ನೇ ‘ಒಳ್ಳೆಯ ಕಾವಲು’ ಎಂದು ಎಣಿಸುವುದುಂಟು. ಆದರೆ ಎಲ್ಲರ ಮೇಲೂ ಎಗರುವ ನಾಯಿ ಕಳ್ಳನಿಗೂ ಅಂಚೆಯವನಿಗೂ ಭೇದ ಮಾಡುವುದಿಲ್ಲ. ಅದರ ಹಲ್ಲಿಗೆ ಮೊದಲು ಸಿಗುವುದು ಬಹುತೇಕ ನೆರೆಮನೆಯ ಮಗು. ಮನೆಗೆ ಬರುವವರ ವಾಸನೆಯ ಪರಿಚಯವಿರುವ, ಸುತ್ತಣ ಹೊಲಗಳನ್ನು ಮೂಸಿ ತಿಳಿದ ನಾಯಿಯೇ ಹೊಸಬರನ್ನು ಸರಿಯಾಗಿ ಗುರುತಿಸಬಲ್ಲದು.

ಮೂಸುವುದರಿಂದ ನಾಯಿಯ ಮನಸ್ಸಿನ ಮೇಲಾಗುವ ಪರಿಣಾಮವನ್ನು ತಿಳಿಯಲು ಡುರಾಂಟನ್ ಮತ್ತು ಮೇಲೆ ಹೇಳಿದ ಹೊರೊವಿಟ್ಜ್ ಅವರು 20 ನಾಯಿಗಳ ಮೇಲೆ ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ವಾರ ವಾಸನೆಯಿಂದ ತಿಂಡಿ ಹುಡುಕುವ ಅಭ್ಯಾಸ. ಇನ್ನೊಂದು ಗುಂಪಿಗೆ ಯಜಮಾನನ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ. ಒಂದು ಜಾಗದಲ್ಲಿಟ್ಟ ಬಟ್ಟಲಿನಲ್ಲಿ ಯಾವಾಗಲೂ ತಿಂಡಿ ಇರುತ್ತದೆ, ಇನ್ನೊಂದು ಜಾಗದಲ್ಲಿಟ್ಟದ್ದರಲ್ಲಿ ಇರುವುದಿಲ್ಲ ಎಂಬುದನ್ನು ಎಲ್ಲ ನಾಯಿಗಳಿಗೂ ಕಲಿಸಲಾಗಿತ್ತು. ಬಳಿಕ ಬಟ್ಟಲನ್ನು ಎರಡೂ ಜಾಗಗಳ ನಡುವೆ ಇಡಲಾಯಿತು. ಮೂಸುವ ಅಭ್ಯಾಸ ಮಾಡಿದ ನಾಯಿಗಳು ಮೊದಲಿಗಿಂತ ಬೇಗ ಅದರ ಬಳಿಗೆ ಹೋದವು. ಇನ್ನೊಂದು ಗುಂಪಿನಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ತನ್ನ ಮೂಗನ್ನು ಬಳಸಿ, ತನ್ನ ಇಷ್ಟದಂತೆ ಹುಡುಕಲು ಅವಕಾಶ ಪಡೆದ ನಾಯಿ ಒಳ್ಳೆಯದನ್ನು ನಿರೀಕ್ಷಿಸುವ ಮನಃಸ್ಥಿತಿಯಲ್ಲಿರುತ್ತದೆ ಎಂಬುದು ಇದರ ತಾತ್ಪರ್ಯ. ಕಟ್ಟುನಾಯಿಯ ಸಿಡಿಮಿಡಿಗೆ ಇದೊಂದೇ ಮದ್ದಲ್ಲ. ಆದರೆ ಖರ್ಚಿಲ್ಲದ ಮದ್ದು ಇದು.

ಮೂಗಿನ ದಾರಿಯಲ್ಲಿ ಬರುವ ಅಪಾಯಗಳು

ಮೂಸಲು ಬಿಡಬೇಕೆಂದರೆ ಮನಬಂದಂತೆ ಅಲೆಯಲು ಬಿಡಬೇಕೆಂದು ಅರ್ಥವಲ್ಲ. ಮೂಗು ಹೋದಲ್ಲಿಗೆ ರೋಗವೂ ವಿಷವೂ ಬರಬಹುದು.

ಇಲಿಗಳಿಗೆ ಇಟ್ಟ ಪಾಷಾಣ ಮೊದಲನೆಯ ಅಪಾಯ. ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿ ಹೊಟ್ಟೆಗೆ ಸೇರಿದರೆ ವಿಷಾನಿಲ ಹುಟ್ಟಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಬ್ರೋಮಾಡಯೋಲೋನ್ ತಿಂದ ನಾಯಿ ಮೊದಲ ಒಂದೆರಡು ದಿನ ಚೆನ್ನಾಗಿಯೇ ಇದ್ದು, ಆಮೇಲೆ ಒಸಡು, ಮೂಗು, ಮಲದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಕೆ-1 ಜೀವಸತ್ವದ ಚಿಕಿತ್ಸೆ ಇದೆ, ಆದರೆ ಬೇಗ ಕೊಡಿಸಬೇಕು. ಕಾಡುಹಂದಿಗೆಂದು ಕೆಲವರು ಕಾನೂನುಬಾಹಿರವಾಗಿ ಇಡುವ ಸಿಡಿಮದ್ದಿನ ಉಂಡೆಯನ್ನು ಕಚ್ಚಿ ದವಡೆ ಕಳೆದುಕೊಂಡ ನಾಯಿಗಳೂ ಇವೆ.

ಪೊದೆ, ಹುತ್ತ, ಕಲ್ಲುರಾಶಿಗೆ ಮೂಗು ತೂರಿಸುವುದರಿಂದ ನಾಯಿಗೆ ಹಾವು ಕಚ್ಚುವುದು ಮೂತಿಗೆ ಅಥವಾ ಮುಂಗಾಲಿಗೆ ಹೆಚ್ಚು. ಬೇಸಿಗೆಯಲ್ಲಿ ಒಣಗಿದ ಹುಲ್ಲಿನ ಮೊನಚು ಬೀಜ ಹೊಳ್ಳೆಗೆ ಸೇರಿದರೆ ನಾಯಿ ಇದ್ದಕ್ಕಿದ್ದಂತೆ ಬಿಡದೆ ಸೀನುತ್ತ ಮೂತಿಯನ್ನು ನೆಲಕ್ಕೆ ಉಜ್ಜುತ್ತದೆ.

ರೋಗಪೀಡಿತ ನಾಯಿಗಳ ಮಲದಿಂದ ಪಾರ್ವೊ ರೋಗ, ಮೂಗು ಕಣ್ಣುಗಳ ಸ್ರಾವದಿಂದ ಡಿಸ್ಟೆಂಪರ್, ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತವೆ. ನಾಯಿಗಳ ಜನನಾಂಗದಲ್ಲಿ ಬೆಳೆಯುವ ಒಂದು ಬಗೆಯ ಅಂಟುಗಡ್ಡೆ, ಮೂಸುವ ಮತ್ತು ನೆಕ್ಕುವ ಅಭ್ಯಾಸದಿಂದ ಮೂಗಿನೊಳಗೂ ಬೆಳೆಯಬಲ್ಲದು. ಹೊಳ್ಳೆಯಿಂದ ಪದೇ ಪದೇ ರಕ್ತ ಬಂದರೆ ವೈದ್ಯರಿಗೆ ತೋರಿಸಬೇಕು.

ಕುರಿ ಸಾಕುವವರು ಇನ್ನೊಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ಕೊಯ್ದ ಅಥವಾ ಸತ್ತ ಕುರಿಯ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳು ಇದ್ದರೆ, ಅವನ್ನು ವಾಸನೆ ಹಿಡಿದು ಬಂದು ತಿಂದ ನಾಯಿಯ ಕರುಳಿನಲ್ಲಿ ಚಿಕ್ಕ ಲಾಡಿಹುಳುಗಳು ಬೆಳೆಯುತ್ತವೆ. ಅವುಗಳ ಮೊಟ್ಟೆ ನಾಯಿಯ ಮಲದ ಮೂಲಕ ಹುಲ್ಲಿಗೆ, ನೀರಿಗೆ, ನಮ್ಮ ಕೈಗೆ ಸೇರಿ, ಕುರಿಗಳಲ್ಲಿಯೂ ಮನುಷ್ಯರಲ್ಲಿಯೂ ಅದೇ ಗುಳ್ಳೆಗಳನ್ನು ಉಂಟುಮಾಡುತ್ತವೆ.

ಎಲ್ಲಕ್ಕಿಂತ ಘೋರವಾದದ್ದು ಹುಚ್ಚುನಾಯಿ ರೋಗ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲವೆಂದೇ ತಿಳಿಯಬೇಕು. ಆದರೆ ಮೊದಲೇ ಲಸಿಕೆ ಹಾಕಿಸಿದರೆ ಇದನ್ನು ತಡೆಯಬಹುದು.

ರೈತರು ಅನುಸರಿಸಬೇಕಾದ ಕ್ರಮಗಳು

1. ನಾಯಿಯನ್ನು ದಿನಕ್ಕೆ ಎರಡು ಬಾರಿ, ಬೆಳಗ್ಗೆ ಮತ್ತು ಸಂಜೆಯ ತಂಪಿನಲ್ಲಿ, ಹೊರಗೆ ಕರೆದೊಯ್ಯಿರಿ. ಅದರಲ್ಲಿ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಅದರ ಇಷ್ಟದಂತೆ ಮೂಸಲು ಬಿಡಿರಿ.

2. ಗಿಡ್ಡ ಸರಪಳಿಯ ಬದಲು ಎಂಟು ಹತ್ತು ಅಡಿ ಉದ್ದದ ಮೆತ್ತನೆಯ ಹಗ್ಗ ಬಳಸಿರಿ. ರಸ್ತೆ ದಾಟುವಾಗ, ಜನ ದನ ಎದುರಾದಾಗ ಹಗ್ಗವನ್ನು ಗಿಡ್ಡ ಮಾಡಿ ಹಿಡಿಯಿರಿ.

3. ಹೊರಡಬೇಕಾದಾಗ ಜಗ್ಗಬೇಡಿರಿ. ಹೆಸರು ಹಿಡಿದು ಕರೆದು, ಬಂದಾಗ ಒಂದು ತುಣುಕು ರೊಟ್ಟಿ ಕೊಡಿರಿ. ಕೆಲವು ದಿನಗಳಲ್ಲಿ ಕರೆದೊಡನೆ ಬರುವುದನ್ನು ಕಲಿಯುತ್ತದೆ.

4. ಹೊರಗೆ ಹೋಗಲಾಗದ ದಿನ, ಒಂದಿಷ್ಟು ರೊಟ್ಟಿ ಚೂರುಗಳನ್ನು ಅಂಗಳದ ಹುಲ್ಲಿನಲ್ಲಿ ಹರಡಿ ಹುಡುಕಿ ತಿನ್ನಲು ಬಿಡಿರಿ.

5. ಇಲಿ ಪಾಷಾಣವನ್ನು ಬಿಲದೊಳಗೆ ಆಳವಾಗಿ ಇಟ್ಟು ಬಾಯಿ ಮುಚ್ಚಿರಿ. ಉಳಿದದ್ದನ್ನೂ ಸತ್ತ ಇಲಿಗಳನ್ನೂ ಆಳವಾಗಿ ಹೂಳಿರಿ. ನಾಯಿ ವಿಷ ತಿಂದಿತೆಂಬ ಅನುಮಾನ ಬಂದರೆ ಮನೆಮದ್ದು ಮಾಡುತ್ತ ಕೂರದೆ, ವಿಷದ ಪೊಟ್ಟಣದೊಂದಿಗೆ ಪಶು ವೈದ್ಯರ ಬಳಿಗೆ ಒಯ್ಯಿರಿ.

6. ಕುರಿಯ ಹಸಿ ಕರುಳು, ಪಿತ್ತಜನಕಾಂಗಗಳನ್ನು ನಾಯಿಗೆ ಹಾಕಬೇಡಿರಿ. ಸತ್ತ ಪ್ರಾಣಿಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಿರಿ. ವೈದ್ಯರ ಸಲಹೆಯಂತೆ ನಾಯಿಗೆ ಜಂತುಹುಳುವಿನ ಔಷಧಿ ಕೊಡಿಸಿರಿ. ನಾಯಿಯನ್ನು ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪಿನಿಂದ ತೊಳೆಯಿರಿ.

7. ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಲಸಿಕೆ ಆರಂಭಿಸಿರಿ. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ದಿನ ಮತ್ತೊಮ್ಮೆ, ಆ ಬಳಿಕ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿರಿ.

8. ಯಾವುದೇ ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿರಿ. ವೈದ್ಯರು ಹೇಳಿದಷ್ಟೂ ಚುಚ್ಚುಮದ್ದುಗಳನ್ನು ಪೂರ್ತಿ ಹಾಕಿಸಿಕೊಳ್ಳಿರಿ.

9. ಯಾವಾಗಲೂ ಮೂಸುವ ನಾಯಿ ಇದ್ದಕ್ಕಿದ್ದಂತೆ ಮೂಸುವುದನ್ನು, ಅನ್ನವನ್ನು ಬಿಟ್ಟರೆ, ಅಥವಾ ಅದರ ಸ್ವಭಾವ ಬದಲಾದರೆ, ಕೈಯಿಂದ ಮುಟ್ಟದೆ ಪಶು ವೈದ್ಯರಿಗೆ ತಿಳಿಸಿರಿ.

ಮೊದಲು ಹೇಳಿದ ರೈತರಿಗೆ ಕೊಟ್ಟದ್ದೂ ಈ ಸಲಹೆಗಳನ್ನೇ. ನಾಯಿಗೆ ಲಸಿಕೆ ಹಾಕಿ, ಸರಪಳಿಯ ಬದಲು ಉದ್ದದ ಹಗ್ಗ ಕಟ್ಟಲು ಹೇಳಿ ಕಳುಹಿಸಲಾಯಿತು. ಹೊರಟ ನಾಯಿ ಆಸ್ಪತ್ರೆಯ ಬಾಗಿಲ ಕಂಬದ ಬಳಿ ಎಂದಿನಂತೆ ನಿಂತಿತು. ಅವರು ಹಗ್ಗ ಜಗ್ಗಲು ಹೋಗಿ, ನಮ್ಮ ಕಡೆ ತಿರುಗಿ ನೋಡಿ ನಕ್ಕು, ಅದು ಮೂಸಿ ಮುಗಿಸುವವರೆಗೆ ನಿಂತರು. ಒಂದು ನಿಮಿಷವೂ ಹಿಡಿಯಲಿಲ್ಲ.

ರಾತ್ರಿಯೆಲ್ಲ ನಮ್ಮ ಕಣ, ಕೊಟ್ಟಿಗೆ, ಬೆಳೆಗಳನ್ನು ಕಾಯುವ ಪ್ರಾಣಿಗೆ ಹಗಲಿನಲ್ಲಿ ಅಷ್ಟು ಸಮಯ ಕೊಡುವುದು ನಷ್ಟವಲ್ಲ. ಅದು ಕಾವಲಿಗೆ ಬಳಸುವ ಮೂಗು ಇದೇ ತಾನೆ!